ವಿಂಡೋಸ್ ಹೋಯ್ತು ಸಾರ್!

ಭಾನುವಾರ ಬೆಳಗ್ಗೆ ಇಡ್ಲಿ ಕಟ್ಟಿಸಿಕೊಂಡು ಬರೋಣವೆಂದು ಹೊರಟವನನ್ನು ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರು ತಡೆದರು. ಷಟರ್ ಅರ್ಧಕ್ಕೆ ಎತ್ತಿತ್ತು. ಒಳಗೆ ಮಾನಿಟರ್ ಮುಂದೆ ಅವರ ಮಗ ರಿಸಲ್ಟ್ ನೋಡಿ ಬಂದವನ ಹಾಗೆ ಕೂತಿದ್ದ. ಕಣ್ಣು ಕೆಂಪಾಗಿತ್ತು. ರಾತ್ರಿ ಮಲಗಿರಲಿಲ್ಲ.

"ವಿಂಡೋಸ್ ಹೋಯ್ತು ಸಾರ್. ಹನ್ನೆರಡು ವರ್ಷದ ಫೈಲು. ಇವನು ಎರಡನೇದು ಹಾಕ್ತೀನಿ ಅಂತ ಕೂತ, ಇದ್ದದ್ದೂ ಹೋಯ್ತು."

ಮಾದನಾಯಕನಹಳ್ಳಿಯಲ್ಲಿ ತುಮಕೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಇಂಥ ಅಂಗಡಿಗಳು ಅಲ್ಲಲ್ಲಿ ಸಿಗುತ್ತವೆ. ಹತ್ತಡಿ ಅಗಲ, ಒಂದು ಜೆರಾಕ್ಸ್ ಯಂತ್ರ, ಒಂದು ಲ್ಯಾಮಿನೇಷನ್ ಯಂತ್ರ, ಒಂದು ಕಂಪ್ಯೂಟರು. ಬಾಡಿಗೆ ಕರಾರು, ಅಫಿಡವಿಟ್ಟು, ಪೀಣ್ಯದಲ್ಲಿ ಕೆಲಸ ಹುಡುಕುವ ಹುಡುಗರ ಬಯೋಡೇಟಾ, ಗೃಹಪ್ರವೇಶದ ಕಾರ್ಡು, ಅಣ್ಣಮ್ಮನ ಉತ್ಸವದ ರಸೀದಿ ಪುಸ್ತಕ, ತಿಥಿ ಕಾರ್ಡು. ಊರಿನ ಅರ್ಧ ಚರಿತ್ರೆ ಆ ಒಂದು ಪೆಟ್ಟಿಗೆಯೊಳಗೆ ನುಡಿ ತಂತ್ರಾಂಶದ ಅಕ್ಷರಗಳಲ್ಲಿ ಕೂತಿರುತ್ತದೆ. ಬ್ಯಾಕಪ್ ಎಂಬುದು ಪೆನ್‌ಡ್ರೈವ್ ಖರೀದಿಸಿದ ದಿನ ಆಗಿರುತ್ತದೆ, ಅಷ್ಟೆ.

ಹುಡುಗ ಮಾಡಿದ್ದು ತಪ್ಪೇನಲ್ಲ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ದುರಸ್ತಿ ಕೊಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. 2013ರಲ್ಲಿ ಕೊಂಡ ಡೆಸ್ಕ್‌ಟಾಪಿನಲ್ಲಿ ಎರಡೂ ಇಲ್ಲ. ಪೆಟ್ಟಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ಅದಕ್ಕೆ ಡಿಪ್ಲೊಮಾ ಓದುವ ಈ ಮಗ ಮಾದಾವರದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರೋಡಿನಿಂದ 240 ಜಿಬಿಯ ಎಸ್‌ಎಸ್‌ಡಿ ತಂದ. (2024ರ ನವೆಂಬರ್ 7ರಂದು ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ನಮ್ಮ ಕಡೆಯವರಿಗೆ ಎಸ್.ಪಿ. ರೋಡು ಒಂದೇ ಗಾಡಿಯ ದೂರ.) ಹಳೇ ಹಾರ್ಡ್‌ಡಿಸ್ಕಿನಲ್ಲಿ ಅಪ್ಪನ ವಿಂಡೋಸ್ ಹಾಗೇ ಇರಲಿ, ಹೊಸ ಎಸ್‌ಎಸ್‌ಡಿಯಲ್ಲಿ ಉಬುಂಟು ಎಂಬ ಲಿನಕ್ಸ್ ಹಾಕೋಣ, ಇಂಟರ್ನೆಟ್ ಕೆಲಸವೆಲ್ಲ ಅದರಲ್ಲಿ ನಡೆಯಲಿ ಎಂಬ ಲೆಕ್ಕಾಚಾರ. ಅಚ್ಚುಕಟ್ಟಾದ ಲೆಕ್ಕಾಚಾರವೇ. ಇನ್‌ಸ್ಟಾಲ್ ಮುಗಿಯಿತು, ರೀಸ್ಟಾರ್ಟ್ ಆಯಿತು, ಕಂಪ್ಯೂಟರು ನೇರ ಉಬುಂಟುವಿಗೇ ಹೋಯಿತು. ಯಾವುದು ಬೇಕೆಂದು ಕೇಳುವ ಮೆನು ಕೂಡ ಬರಲಿಲ್ಲ.

ರಾತ್ರಿಯೇ ಅಪ್ಪ ರಿಪೇರಿಯವರೊಬ್ಬರಿಗೆ ಫೋನ್ ಹಚ್ಚಿದ್ದಾರೆ. ಆ ಕಡೆಯಿಂದ ಒಂದೇ ಉತ್ತರ: "ಫಾರ್ಮ್ಯಾಟ್ ಹೊಡೀಬೇಕು, ಸೋಮವಾರ ತನ್ನಿ."

ನಮ್ಮಲ್ಲಿ ಫಾರ್ಮ್ಯಾಟ್ 'ಮಾಡು'ವುದಕ್ಕಿಂತ 'ಹೊಡೆಯು'ವುದೇ ಹೆಚ್ಚು. ಕ್ರಿಯಾಪದವೇನೋ ಸರಿಯಾಗಿಯೇ ಇದೆ. ಪೀಣ್ಯದ ಮಷಿನ್ ಶಾಪೊಂದರಲ್ಲಿ ಕಂಪ್ಯೂಟರುಗಳ ಕಷ್ಟಸುಖ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಲೇತ್ ನಿಂತುಹೋದರೆ ಯಾವ ಫಿಟ್ಟರೂ ಮೊದಲ ಮಾತಿಗೆ "ಕರಗಿಸಿಬಿಡಿ" ಎನ್ನುವುದಿಲ್ಲ. ಕರೆಂಟ್ ಬರುತ್ತಿದೆಯಾ, ಫ್ಯೂಸ್ ಇದೆಯಾ, ಬೆಲ್ಟ್ ಇದೆಯಾ ಎಂದು ಒಂದೊಂದೇ ಮುಟ್ಟಿ ನೋಡುತ್ತಾನೆ. ಅದೇ ಫಿಟ್ಟರ್ ಮನೆಯ ಕಂಪ್ಯೂಟರ್ ಬೂಟ್ ಆಗದಿದ್ದರೆ ಮಾತ್ರ ಎರಡನೇ ಪ್ರಶ್ನೆಯಿಲ್ಲದೆ ಫಾರ್ಮ್ಯಾಟಿಗೆ ಒಪ್ಪಿಬಿಡುತ್ತಾನೆ. ಈ ವೈಚಿತ್ರ್ಯ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಡ್ಲಿ ಮರೆತು ಒಳಗೆ ಹೋದೆ.

ಪವರ್ ಬಟನ್ ಒತ್ತಿದಾಗ ನಡೆಯುವುದನ್ನು ನಮ್ಮ ರಸ್ತೆಯ ಭಾಷೆಯಲ್ಲೇ ಹೇಳಬಹುದು. ಮದರ್‌ಬೋರ್ಡಿನ ಮೇಲಿನ ಚಿಪ್ಪಿನಲ್ಲಿ ಕೂತ ಚಿಕ್ಕ ತಂತ್ರಾಂಶ ಮೊದಲು ಕಣ್ಣು ಬಿಡುತ್ತದೆ. ಮೆಮೊರಿ, ಕೀಬೋರ್ಡು, ಡಿಸ್ಕು ಎಲ್ಲ ಇವೆಯೇ ಎಂದು ಹಾಜರಿ ತೆಗೆದುಕೊಳ್ಳುತ್ತದೆ. ಆಮೇಲೆ ತನ್ನ ಬಳಿ ಇರುವ ಪಟ್ಟಿಯ ಪ್ರಕಾರ ಡಿಸ್ಕಿನಲ್ಲಿರುವ ಬೂಟ್ ಲೋಡರ್ ಎಂಬ ಪುಟ್ಟ ಪ್ರೋಗ್ರಾಮಿನ ಕೈಗೆ ಕೆಲಸ ಒಪ್ಪಿಸುತ್ತದೆ. ಅದು ಕರ್ನಲ್ ಎಂಬ ಯಜಮಾನನನ್ನು ಎಬ್ಬಿಸುತ್ತದೆ. ಯಜಮಾನ ಎದ್ದ ಮೇಲೆ ಉಳಿದ ಮನೆ ಎದ್ದಂತೆ. ತುಮಕೂರು ರಸ್ತೆಯ ಲಾರಿ ಆಫೀಸುಗಳಲ್ಲಿ ಎಲ್.ಆರ್. ಎಂಬ ಲಾರಿ ರಸೀದಿ ಕೈಯಿಂದ ಕೈಗೆ ಹೋಗುತ್ತದಲ್ಲ, ಹಾಗೆ. ಎಲ್.ಆರ್. ಕಳೆದರೆ ಲೋಡು ಬಿಡಿಸಿಕೊಳ್ಳುವುದು ಕಷ್ಟ, ನಿಜ. ಹಾಗೆಂದು ಗೋಡೌನಿನಲ್ಲಿರುವ ಲೋಡು ಆವಿಯಾಗುವುದಿಲ್ಲ. ಎರಡನೇ ಕಾರ್ಯಾಚರಣೆ ವ್ಯವಸ್ಥೆ ಹಾಕುವಾಗ ಕೆಡುವುದು ಹೆಚ್ಚಿನಂಶ ಈ ಕಾಗದವೇ.

ಹಳೆಯ ಕ್ರಮದಲ್ಲಿ ಈ ಕಾಗದ ಎಷ್ಟು ಸಣ್ಣದೆಂದರೆ ನಗು ಬರುತ್ತದೆ. 1983ರಲ್ಲಿ ಐಬಿಎಂನ ಪಿಸಿ ಡಾಸ್ 2.0 ಜತೆ ಬಂದ ಏರ್ಪಾಡು ಅದು. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳೇ ಸರ್ವಸ್ವ. ಅದರಲ್ಲಿ 446 ಬೈಟು ಬೂಟ್ ಮಾಡುವ ಸೂಚನೆಗೆ, 64 ಬೈಟು ಡಿಸ್ಕನ್ನು ಯಾವ ಯಾವ ಭಾಗವಾಗಿ ಒಡೆದಿದೆ ಎಂಬ ಪಟ್ಟಿಗೆ, ಕೊನೆಯ ಎರಡು ಬೈಟು ಮೊಹರಿಗೆ. ಯೂನಿಕೋಡ್ ಕನ್ನಡದಲ್ಲಿ ಒಂದೊಂದು ಸಂಕೇತ ಸಾಮಾನ್ಯವಾಗಿ ಮೂರು ಬೈಟು ತಿನ್ನುತ್ತದೆ. ಅಂದರೆ 446 ಬೈಟಿನಲ್ಲಿ 150 ಸಂಕೇತವೂ ಹಿಡಿಯದು. ನಮ್ಮ ಕಡೆಯ ಗೃಹಪ್ರವೇಶದ ಕಾರ್ಡಿನಲ್ಲಿ ದೇವರ ಹೆಸರುಗಳಿಗೇ ಮುಗಿದುಹೋಗುವಷ್ಟು ಜಾಗ! ಅಷ್ಟು ಇಕ್ಕಟ್ಟಿನಲ್ಲಿ ಇಬ್ಬರು ಬಾಡಿಗೆದಾರರಿಗೆ ಎಲ್ಲಿಯ ಜಾಗ? ವಿಂಡೋಸ್ ಹೊಸದಾಗಿ ಹಾಕಿದರೆ ಅಲ್ಲಿದ್ದ ಲಿನಕ್ಸ್ ಬೂಟ್ ಲೋಡರನ್ನು ಕೇಳದೆ ಅಳಿಸಿ ತನ್ನದನ್ನು ಬರೆಯುತ್ತಿತ್ತು. 'ಮೊದಲು ವಿಂಡೋಸ್, ಆಮೇಲೆ ಲಿನಕ್ಸ್' ಎಂಬ ಹಳೇ ನಿಯಮ ಹುಟ್ಟಿದ್ದು ಈ ಜಾಗದ ಜಗಳದಿಂದಲೇ.

ಹೊಸ ಕ್ರಮ ಯುಇಎಫ್ಐ. ಇಂಟೆಲ್ ಶುರುಮಾಡಿದ್ದನ್ನು 2005ರಲ್ಲಿ ಕಂಪನಿಗಳ ಒಕ್ಕೂಟವೊಂದು ಕೈಗೆತ್ತಿಕೊಂಡಿತು. ಇದರಲ್ಲಿ ಡಿಸ್ಕಿನ ಒಂದು ಸಣ್ಣ ಭಾಗವನ್ನೇ ಬೂಟ್ ಲೋಡರುಗಳಿಗೆ ಬಿಟ್ಟುಕೊಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರು: ಮೈಕ್ರೋಸಾಫ್ಟಿನದು ಒಂದು ಕೋಣೆ, ಉಬುಂಟುವಿನದು ಪಕ್ಕದ ಕೋಣೆ. ಯಾರನ್ನು ಮೊದಲು ಕರೆಯಬೇಕೆಂಬ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ಹೀಗಾಗಿ ಈಗಿನ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಹಾಕಿದ ಮೇಲೂ ನೇರ ವಿಂಡೋಸ್ ಬಂದರೆ ಏನೂ ಕೆಟ್ಟಿಲ್ಲ. ಪಟ್ಟಿಯಲ್ಲಿ ಹೆಸರು ಹಿಂದುಮುಂದಾಗಿದೆ, ಅಷ್ಟೆ. ಮದರ್‌ಬೋರ್ಡಿನ ಸೆಟಪ್ಪಿಗೆ ಹೋಗಿ ಮೇಲಕ್ಕೆ ಎಳೆದರೆ ಮುಗಿಯಿತು.

ಈ ಅಂಗಡಿಯ ಕಂಪ್ಯೂಟರು ಮಾತ್ರ ಎರಡೂ ಕಾಲದ ನಡುವೆ ನಿಂತದ್ದು. 2013ರ ಆಸುಪಾಸಿನ ಬೋರ್ಡುಗಳಿಗೆ ಹಳೆಯದೂ ಗೊತ್ತು, ಹೊಸದೂ ಗೊತ್ತು. ನಾಟಿ ಮದ್ದು, ಇಂಗ್ಲಿಷ್ ಮದ್ದು ಎರಡನ್ನೂ ಕೊಡುವ ಡಾಕ್ಟರ ಹಾಗೆ. ತೊಂದರೆ ಶುರುವಾಗುವುದೇ ಇಂಥ ಕಡೆ.

ನಾನು ಹುಡುಗನನ್ನು ಕೇಳಿದೆ. "ಪೆನ್‌ಡ್ರೈವಿಂದ ಬೂಟ್ ಮಾಡಿದ್ಯಲ್ಲ, ಲಿಸ್ಟಲ್ಲಿ ಪೆನ್‌ಡ್ರೈವ್ ಎಷ್ಟು ಸಲ ಕಾಣಿಸ್ತು?"

ಅವನು ಯೋಚಿಸಿ, "ಎರಡು ಸಲ ಅಂಕಲ್. ಒಂದರ ಮುಂದೆ ಯುಇಎಫ್ಐ ಅಂತಿತ್ತು, ಇನ್ನೊಂದು ಬರೀ ಹೆಸರು. ಮೇಲಿಂದು ಒತ್ತಿದೆ" ಎಂದ.

"ಮಧ್ಯದಲ್ಲಿ ಏನಾದ್ರೂ ವಾರ್ನಿಂಗ್ ಬಂತಾ?"

"ಬಂತು. ಉದ್ದಕ್ಕೆ ಏನೋ ಬರೆದಿತ್ತು. ಕಂಟಿನ್ಯೂ ಕೊಟ್ಟೆ."

ಉದ್ದಕ್ಕೆ ಏನೋ ಬರೆದಿದ್ದು ಏನೆಂದು ನನಗೆ ಗೊತ್ತಿತ್ತು. ಉಬುಂಟುವಿನ ಹಳೆಯ ಇನ್‌ಸ್ಟಾಲರ್ ಆ ಹೊತ್ತಿಗೆ ಸರಿಯಾಗಿಯೇ ಎಚ್ಚರಿಸುತ್ತದೆ: ನೀನು ನನ್ನನ್ನು ಯುಇಎಫ್ಐ ಕ್ರಮದಲ್ಲಿ ಎಬ್ಬಿಸಿದ್ದೀಯ, ಆದರೆ ಈ ಯಂತ್ರದಲ್ಲಿ ಹಳೆಯ ಕ್ರಮದಲ್ಲಿ ಹಾಕಿದ ಇನ್ನೊಂದು ವ್ಯವಸ್ಥೆ ಇರುವಂತಿದೆ, ಮುಂದುವರಿದರೆ ಅದನ್ನು ತೆರೆಯುವುದು ಕಷ್ಟವಾದೀತು, ಹಿಂದಕ್ಕೆ ಹೋಗುತ್ತೀಯಾ, ಮುಂದುವರಿಯುತ್ತೀಯಾ? ರಾತ್ರಿ ಹನ್ನೊಂದಕ್ಕೆ ಯಾರು ತಾನೇ ಹಿಂದಕ್ಕೆ ಹೋಗುತ್ತಾರೆ? ನಾನೂ ಒಂದು ಕಾಲದಲ್ಲಿ ಕಂಟಿನ್ಯೂ ಕೊಟ್ಟವನೇ.

ವಿಂಡೋಸ್ 7ರ ಕಾಲದಲ್ಲಿ ಹಳೆಯ ಕ್ರಮದಲ್ಲಿ ಕೂತದ್ದು, 10ಕ್ಕೆ ಏರಿದಾಗಲೂ ಅದೇ ಕ್ರಮದಲ್ಲಿ ಮುಂದುವರಿದಿತ್ತು. ಉಬುಂಟು ಹೊಸ ಕ್ರಮದಲ್ಲಿ ಬಂದು ಕೂತಿತು. ಯುಇಎಫ್ಐಯಲ್ಲಿ ಎದ್ದ ಗ್ರಬ್ ಎಂಬ ಲಿನಕ್ಸ್ ಬೂಟ್ ಲೋಡರಿಗೆ ಹಳೆಯ ಕ್ರಮದ ವಿಂಡೋಸನ್ನು ಎಬ್ಬಿಸುವ ವಿದ್ಯೆ ಗೊತ್ತಿಲ್ಲ. ಎಬ್ಬಿಸಲಾಗದವರ ಹೆಸರು ಮೆನುವಿನಲ್ಲಿ ಯಾಕೆ? ಮೆನುವಿನಲ್ಲಿ ಒಂದೇ ಹೆಸರು ಉಳಿದರೆ ಉಬುಂಟು ಮೆನುವನ್ನೇ ತೋರಿಸುವುದಿಲ್ಲ. ಇಷ್ಟೇ ಆಗಿದ್ದು. ಹಾರ್ಡ್‌ಡಿಸ್ಕಿನ ಒಂದು ಬೈಟೂ ಅಲುಗಾಡಿರಲಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಅಂಗಡಿಯವರು ನಂಬುವಂತಿರಲಿಲ್ಲ. ಉಬುಂಟುವಿನಲ್ಲೇ ಫೈಲುಗಳ ಕಿಟಕಿ ತೆರೆದು ಎಡಗಡೆ ಕಾಣುತ್ತಿದ್ದ ಹಳೇ ಡಿಸ್ಕನ್ನು ಒತ್ತಿದೆ. ಅದು ಓದುವುದಕ್ಕೆ ಮಾತ್ರ ಎಂಬ ಷರತ್ತಿನಲ್ಲಿ ತೆರೆದುಕೊಂಡಿತು. ಅದಕ್ಕೂ ಕಾರಣವಿದೆ. ವಿಂಡೋಸ್ 8ರಿಂದ ಈಚೆಗೆ ಷಟ್‌ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಬೇಗ ಏಳಲಿಕ್ಕಾಗಿ ಅರೆನಿದ್ರೆಗೆ ಜಾರುತ್ತದೆ, ಫಾಸ್ಟ್ ಸ್ಟಾರ್ಟಪ್ ಎಂದು ಅದರ ಹೆಸರು. ಅರೆನಿದ್ರೆಯಲ್ಲಿರುವವನ ಜೇಬಿಗೆ ಕೈಹಾಕಬಾರದೆಂದು ಲಿನಕ್ಸ್ ಓದಿ ಸುಮ್ಮನಾಗುತ್ತದೆ. ಬಲವಂತವಾಗಿ ಬರೆಸಿದರೆ ಫೈಲು ಕೆಡಬಹುದು. ಎರಡು ವ್ಯವಸ್ಥೆ ಇಟ್ಟುಕೊಳ್ಳುವವರು ಮೊದಲು ಆಫ್ ಮಾಡಬೇಕಾದ ಸ್ವಿಚ್ ಅದು.

ಫೋಲ್ಡರುಗಳು ಕಂಡವು. '2016 ಮದುವೆ', 'ಕರಾರು ಹೊಸದು', 'ಕರಾರು ಹೊಸದು 2', 'ಕರಾರು ಫೈನಲ್'. ಅಂಗಡಿಯವರ ಉಸಿರು ಒಂದಿಷ್ಟು ಕೆಳಗಿಳಿಯಿತು. ಒಂದು ಕರಾರು ತೆರೆದೆ. ಮತ್ತೆ ಮೇಲಕ್ಕೇರಿತು.

ಪರದೆಯ ತುಂಬ ತಲೆಯ ಮೇಲೆ ಗೀಟು, ಟೊಪ್ಪಿ, ಚುಕ್ಕೆ ಹೊತ್ತ ಪರದೇಶಿ ಅಕ್ಷರಗಳು. ಮಧ್ಯೆ ಮಧ್ಯೆ ಪೌಂಡಿನ ಗುರುತು. ಕನ್ನಡದ ಒಂದು ಕೊಂಬೂ ಇಲ್ಲ. "ಫೈಲ್ ಒಳಗೇ ಹಾಳಾಗಿದೆ ಸಾರ್!"

ಹಾಳಾಗಿರಲಿಲ್ಲ. ನುಡಿ ಕನ್ನಡ ಗಣಕ ಪರಿಷತ್ತು ರೂಪಿಸಿದ್ದು, ಸರ್ಕಾರಿ ಕಚೇರಿಗಳಿಂದ ಜೆರಾಕ್ಸ್ ಅಂಗಡಿಗಳವರೆಗೆ ಕರ್ನಾಟಕವೆಲ್ಲ ಬಳಸಿದ್ದು. ಅದರ ಹಳೆಯ ಫಾಂಟುಗಳು ಯೂನಿಕೋಡಿನವಲ್ಲ. ಕಂಪ್ಯೂಟರಿಗೆ ಸಂಬಂಧಪಟ್ಟಂತೆ ಅಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ. ನುಡಿ ಫಾಂಟು ಆ ಅಕ್ಷರಗಳಿಗೆ ಕನ್ನಡದ ವೇಷ ಹಾಕಿ ನಿಲ್ಲಿಸುತ್ತದೆ. ಉಬುಂಟುವಿನಲ್ಲಿ ಆ ಫಾಂಟು ಇಲ್ಲ, ವೇಷ ಕಳಚಿತು. ಹಳೇ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟೊಂದನ್ನು ಇತ್ತ ನಕಲು ಮಾಡಿ ಫೈಲನ್ನು ಮುಚ್ಚಿ ತೆರೆದೆ. 'ಸದರಿ ಮನೆಯ ಬಾಡಿಗೆಯನ್ನು ಪ್ರತಿ ತಿಂಗಳು 5ನೇ ತಾರೀಖಿನೊಳಗೆ' ಎಂದು ಸಾಲು ಸಾಲು ಎದ್ದುಬಂದವು. ಒಂದೇ ಬೆಳಗ್ಗೆ ಎರಡು ಸಲ 'ಹೋಯ್ತು' ಅಂದದ್ದು ಎರಡು ಸಲವೂ ಅಲ್ಲೇ ಇತ್ತು.

ಅಂಗಡಿಯವರು ವಿಂಡೋಸ್ ಬಿಡಲಾರದ್ದಕ್ಕೂ ಇದೇ ಕಾರಣ. ಬೇರೆ ಊರುಗಳಲ್ಲಿ ಆಟಕ್ಕೋ ಫೋಟೊಶಾಪಿಗೋ ವಿಂಡೋಸ್ ಇಟ್ಟುಕೊಳ್ಳುತ್ತಾರೆ, ನಮ್ಮಲ್ಲಿ ನುಡಿಯ ಹಳೇ ಕಡತಗಳಿಗಾಗಿ ಇಟ್ಟುಕೊಳ್ಳುತ್ತಾರೆ. ಟೈಪ್ ಮಾಡುವುದಕ್ಕಾದರೆ ಅಡ್ಡಿಯಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ಕೈಗೆ ರೂಢಿಯಾದ ಆ ಕೀಲಿಮಣೆ ಲಿನಕ್ಸಿನಲ್ಲೂ 'ಕೆಜಿಪಿ' ಎಂಬ ಹೆಸರಿನಲ್ಲಿ ಸಿಗುತ್ತದೆ. ಹೊಸದನ್ನು ಯೂನಿಕೋಡಿನಲ್ಲೇ ಹೊಡೆಯಬಹುದು. ಹನ್ನೆರಡು ವರ್ಷದ ಹಳೆಯದನ್ನು ಹೊತ್ತು ತರುವುದು ಮಾತ್ರ ಬೇರೆ ಮಾತು.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ತಾಪತ್ರಯವಿಲ್ಲ. ಕೇರಳದ ಐಟಿ@ಸ್ಕೂಲ್ ಯೋಜನೆ, ಈಗಿನ ಕೈಟ್ ಸಂಸ್ಥೆ, ಶಾಲೆಗಳಿಗೆಂದೇ ಉಬುಂಟು ಆಧರಿಸಿದ ಲಿನಕ್ಸ್ ಸಿದ್ಧಮಾಡಿ ಕೊಡುತ್ತದೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಗಡಿಯಾಚೆಯ ಕನ್ನಡದ ಹುಡುಗ ಲಿನಕ್ಸಿನಲ್ಲೇ ಕಣ್ಣುಬಿಟ್ಟವನು. ರಾಜಧಾನಿಯ ಅಂಚಿನಲ್ಲಿರುವ ಹುಡುಗ ಅದನ್ನು ಅಪ್ಪನಿಗೆ ಹೆದರಿಕೊಂಡು ರಾತ್ರಿ ಹನ್ನೊಂದಕ್ಕೆ ಹಾಕಬೇಕು. ಐಟಿ ಊರು ನಮ್ಮದು!

ಹಾಗೆ ನೋಡಿದರೆ ಬೆಂಗಳೂರಿಗೆ ಈ ಹುಚ್ಚು ಹೊಸದಲ್ಲ. 1990ರ ದಶಕದಲ್ಲಿ ಪಿಸಿಕ್ವೆಸ್ಟ್ ಪತ್ರಿಕೆಯ ಜತೆ ಲಿನಕ್ಸ್ ಸಿ.ಡಿ. ಬರುತ್ತಿತ್ತು. ಆ ಸಿ.ಡಿ.ಗಳ ಹಿಂದೆ ಇದ್ದ ಅತುಲ್ ಚಿಟ್ನಿಸ್ ಬೆಂಗಳೂರಿನವರು. 2001ರಲ್ಲಿ ಇಲ್ಲಿ ಶುರುವಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನಕ್ಕೂ ಅವರೇ ಮುಂದಾಳು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. 2013ರ ಜೂನಿನಲ್ಲಿ ಚಿಟ್ನಿಸ್ ತೀರಿಕೊಂಡರು. ಆ ಕಾಲದಲ್ಲಿ ಲಿನಕ್ಸ್ ಹಾಕಿದವರಿಗೆ ಲಿಲೊ ಎಂಬ ಬೂಟ್ ಲೋಡರಿನ ನೆನಪಿರಬೇಕು. ಅದು ಏಳುವಾಗ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬರೆಯುತ್ತಿತ್ತು. ಎಲ್ ಬಂದರೆ ಮೊದಲ ಮೆಟ್ಟಿಲು ದಾಟಿದೆ. 'ಎಲ್ ಐ' ಎಂದು ಬರೆದು ಅಲ್ಲೇ ನಿಂತರೆ ಎರಡನೇ ಹಂತ ಮೆಮೊರಿಗೆ ಬಂದಿದೆ, ಓಡುತ್ತಿಲ್ಲ. ನಾಲ್ಕೂ ಬಂದರೆ ಗೆದ್ದಂತೆ. ಎಷ್ಟು ಅಕ್ಷರಕ್ಕೆ ನಿಂತಿತೋ ಅಲ್ಲಿಗೆ ಕೈಹಾಕಿದರಾಯಿತು. ನಾಲ್ಕೇ ಅಕ್ಷರದಲ್ಲಿ ಇಷ್ಟು ಪ್ರಾಮಾಣಿಕವಾಗಿ ರೋಗ ಹೇಳಿದ ತಂತ್ರಾಂಶವನ್ನು ನಾನು ಆಮೇಲೆ ಕಂಡಿಲ್ಲ. ಈಗಿನವು ಸುತ್ತುವ ಚಕ್ರ ತೋರಿಸಿ ಸುಮ್ಮನಿರುತ್ತವೆ.

ಆದರೂ ನೋಡುವ ಕಣ್ಣಿಗೆ ಈಗಲೂ ಸುಳಿವು ಸಿಗುತ್ತದೆ. ಬೂಟ್ ಮಾಡುವ ಸಾಧನವೇ ಇಲ್ಲ ಎಂದರೆ ಮದರ್‌ಬೋರ್ಡಿನ ಪಟ್ಟಿಯಲ್ಲಿ ಅಥವಾ ಕೇಬಲಿನಲ್ಲಿ ತೊಂದರೆ. 'ಗ್ರಬ್ ರೆಸ್ಕ್ಯೂ' ಎಂದು ಕಪ್ಪು ಪರದೆ ಬಂದರೆ ಗ್ರಬ್ ಅರ್ಧ ಎದ್ದಿದೆ, ಉಳಿದರ್ಧ ಇದ್ದ ಜಾಗ ಸಿಗುತ್ತಿಲ್ಲ. ಯಾರೋ ವಿಂಡೋಸಿನೊಳಗೆ ಕೂತು ಲಿನಕ್ಸಿನ ಪಾರ್ಟಿಷನ್ನನ್ನು 'ಖಾಲಿ ಜಾಗ' ಎಂದು ಅಳಿಸಿರುತ್ತಾರೆ, ಬಹುಪಾಲು. ಮೆನು ಬಂದು ವಿಂಡೋಸ್ ಹೆಸರು ಮಾತ್ರ ಇಲ್ಲವೆಂದರೆ ಗ್ರಬ್ ಹುಡುಕಿಲ್ಲ ಎಂದಷ್ಟೇ. 2021ರ 2.06 ಆವೃತ್ತಿಯಿಂದ ಅದು ಬೇರೆ ವ್ಯವಸ್ಥೆಗಳನ್ನು ತಾನಾಗಿ ಹುಡುಕುವುದನ್ನು ನಿಲ್ಲಿಸಿಬಿಟ್ಟಿದೆ, ನಾವೇ ಹುಡುಕೆಂದು ಹೇಳಬೇಕು. ಇವು ಯಾವುದರಲ್ಲೂ ಫಾರ್ಮ್ಯಾಟ್ ಎಂಬ ಮಾತು ಬರುವುದಿಲ್ಲ.

ಮೈ ಜುಂ ಎನ್ನುವ ಸಂದರ್ಭ ಬೇರೆಯೇ. ನನ್ನ ಅಕ್ಕನ ಮಗ ವೈಟ್‌ಫೀಲ್ಡಿನಲ್ಲಿ ಇಂಟರ್ನ್. ಅವನ ಹೊಸ ಲ್ಯಾಪ್‌ಟಾಪಿನಲ್ಲಿ ಉಬುಂಟು ಹಾಕಲು ಹೋದರೆ ಇನ್‌ಸ್ಟಾಲರಿಗೆ ಡಿಸ್ಕೇ ಕಾಣಲಿಲ್ಲ. ಇಂಟೆಲ್ ಆರ್‌ಎಸ್‌ಟಿ ಎಂಬ ಏರ್ಪಾಡು ಡಿಸ್ಕನ್ನು ತನ್ನ ಸೆರಗಿನಲ್ಲಿ ಬಚ್ಚಿಟ್ಟಿರುತ್ತದೆ. ಸೆಟಪ್ಪಿನಲ್ಲಿ ಅದನ್ನು ಎಎಚ್‌ಸಿಐಗೆ ಬದಲಿಸು ಎಂದು ಯಾರೋ ಹೇಳಿದರಂತೆ, ಬದಲಿಸಿದ. ಡಿಸ್ಕು ಕಂಡಿತು. ಆದರೆ ವಿಂಡೋಸ್ ನೀಲಿ ಪರದೆ ಹೊದ್ದು ಮಲಗಿತು. ಅದಕ್ಕೆ ರೂಢಿಯಿದ್ದ ಡ್ರೈವರಿನ ಬಾಗಿಲು ಮುಚ್ಚಿ ಇನ್ನೊಂದು ಬಾಗಿಲಲ್ಲಿ ಬಾ ಎಂದರೆ? ಸೆಟ್ಟಿಂಗನ್ನು ಮೊದಲಿನ ಹಾಗೇ ಇಟ್ಟರೆ ವಿಂಡೋಸ್ ಎದ್ದೇಳುತ್ತದೆ. ಆಗ ಅದನ್ನು ಸೇಫ್ ಮೋಡಿನಲ್ಲಿ ಏಳುವಂತೆ ಹೇಳಿ, ರೀಸ್ಟಾರ್ಟಿನ ನಡುವೆ ಸೆಟ್ಟಿಂಗ್ ಬದಲಿಸಿದರೆ, ಸೇಫ್ ಮೋಡಿನಲ್ಲಿ ಅದು ಹೊಸ ಡ್ರೈವರನ್ನು ಎತ್ತಿಕೊಳ್ಳುತ್ತದೆ. ಆಮೇಲೆ ಸೇಫ್ ಮೋಡ್ ತೆಗೆದರಾಯಿತು. ಇಷ್ಟು ಸಲೀಸು.

ಸಲೀಸಲ್ಲದ್ದು ಆ ನಡುವೆ ಬಂದ ಬಿಟ್‌ಲಾಕರ್ ಪರದೆ. ಸೆಟಪ್ಪಿನಲ್ಲಿ ಕೈಯಾಡಿಸಿದ್ದು ಗೊತ್ತಾಗಿ, 48 ಅಂಕಿಯ ಕೀಲಿ ಕೊಟ್ಟು ಮುಂದೆ ಹೋಗು ಎಂದಿತು. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ನಮಗೆ ಗೊತ್ತಿಲ್ಲದೆಯೇ ಬೀಗ ಹಾಕಿಕೊಂಡಿರುತ್ತದೆ. ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆ ಯಾವ ಮೇಲ್ ಐಡಿಯದು, ಪಾಸ್‌ವರ್ಡ್ ಏನು? ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ಮಾಡಿಕೊಟ್ಟದ್ದು! ಒಂದು ದಿನವೆಲ್ಲ ಹುಡುಕಿ ಅದೃಷ್ಟಕ್ಕೆ ಸಿಕ್ಕಿತು. ಎರಡನೇ ವ್ಯವಸ್ಥೆ ಹಾಕುವ ಮುನ್ನ ಆ 48 ಅಂಕಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇದೊಂದನ್ನು ನಾನು ಅಪ್ಪಣೆಯ ಧಾಟಿಯಲ್ಲೇ ಹೇಳುತ್ತೇನೆ, ಏಕೆಂದರೆ ಇಲ್ಲಿ ಮಾತ್ರ ಕೀಲಿ ಹೋದರೆ ಲೋಡೂ ಹೋದಂತೆಯೇ.

ಎಲ್ಲ ತಪ್ಪೂ ಹಾಕುವವನದಲ್ಲ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಜಗತ್ತಿನ ಎಷ್ಟೋ ಕಡೆ, ಎರಡೂ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದ್ದ ಯಂತ್ರಗಳಲ್ಲಿ ಲಿನಕ್ಸ್ ಏಳಲಿಲ್ಲ. ಏನೋ ಭಾರಿ ಎಡವಟ್ಟಾಗಿದೆ ಎಂಬರ್ಥದ ಒಂದು ಸಾಲು ತೋರಿಸಿ ಆರಿಹೋಗುತ್ತಿತ್ತು. ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ, ಸಹಿ ಇಲ್ಲದ ಬೂಟ್ ಲೋಡರಿಗೆ ಪ್ರವೇಶವಿಲ್ಲ. ಲಿನಕ್ಸ್‌ನವರು 'ಶಿಮ್' ಎಂಬ ಚಿಕ್ಕ ಪ್ರೋಗ್ರಾಮಿಗೆ ಮೈಕ್ರೋಸಾಫ್ಟಿನಿಂದಲೇ ಸಹಿ ಹಾಕಿಸಿಕೊಂಡು ಅದರ ಬೆನ್ನಿಗೆ ಗ್ರಬ್ ಕಟ್ಟಿಕೊಂಡು ಒಳಗೆ ಬರುತ್ತಾರೆ. ಗ್ರಬ್‌ನ ಹಳೆಯ ಆವೃತ್ತಿಗಳಲ್ಲಿ ಭದ್ರತೆಯ ತೂತುಗಳಿದ್ದವು. ಅಂಥವನ್ನು ಬಿಡಬೇಡ ಎಂಬ ಪಟ್ಟಿಯನ್ನು ಆ ಅಪ್‌ಡೇಟ್ ಮದರ್‌ಬೋರ್ಡಿಗೆ ಬರೆಯಿತು. ಎರಡು ವ್ಯವಸ್ಥೆ ಇರುವ ಯಂತ್ರಗಳಿಗೆ ಇದು ತಟ್ಟುವುದಿಲ್ಲ ಎಂದು ಮೈಕ್ರೋಸಾಫ್ಟಿನವರು ಹೇಳಿದ್ದರು, ಗುರುತಿಸುವುದರಲ್ಲಿ ತಪ್ಪಿದರು. ಸೆಕ್ಯೂರ್ ಬೂಟ್ ಆರಿಸಿ, ಲಿನಕ್ಸಿನೊಳಗೆ ಹೋಗಿ, ಆ ಪಟ್ಟಿ ಅಳಿಸಲು ಒಂದು ಸಾಲಿನ ಆಜ್ಞೆ ಕೊಟ್ಟು, ಮತ್ತೆ ಸೆಕ್ಯೂರ್ ಬೂಟ್ ಹಚ್ಚಿದರೆ ಸರಿಹೋಗುತ್ತಿತ್ತು. ಮೈಕ್ರೋಸಾಫ್ಟ್ ಪೂರ್ತಿ ಸರಿಮಾಡಿದ್ದು 2025ರ ಮೇ ತಿಂಗಳ ಅಪ್‌ಡೇಟಿನಲ್ಲಿ. ಒಂಬತ್ತು ತಿಂಗಳು! ಅಷ್ಟರೊಳಗೆ ಎಷ್ಟು ಯಂತ್ರಗಳಿಗೆ ಸುಮ್ಮಸುಮ್ಮನೆ ಫಾರ್ಮ್ಯಾಟ್ ಹೊಡೆದರೋ.

ಅಂಗಡಿಗೆ ಮರಳುತ್ತೇನೆ. ಕಂಪ್ಯೂಟರ್ ಆರಿಸಿ ಹಚ್ಚಿ, ಎಫ್12 ಕುಟ್ಟುತ್ತಾ ಕೂತೆ. ಬೂಟ್ ಪಟ್ಟಿ ಬಂತು. ಮೇಲೆ ಯುಇಎಫ್ಐ ಎಂಬ ಹಣೆಪಟ್ಟಿಯ ಉಬುಂಟು. ಅದರ ಕೆಳಗೆ ಹಳೇ ಹಾರ್ಡ್‌ಡಿಸ್ಕಿನ ಹೆಸರು, ಹಣೆಪಟ್ಟಿಯಿಲ್ಲದೆ, ಬೋಳಾಗಿ. ಅದನ್ನು ಒತ್ತಿದೆ. ನಾಲ್ಕು ಕಿಟಕಿಯ ನೀಲಿ ಗುರುತು ಬಂತು. ಆಮೇಲೆ ಹಿನ್ನೆಲೆಯಲ್ಲಿ ಶಿವಗಂಗೆ ಬೆಟ್ಟದ ಫೋಟೊ, ಅದರ ಮೇಲೆಲ್ಲ ಐಕಾನುಗಳ ಜಾತ್ರೆ. ಅಂಗಡಿಯವರು ಮಾತಾಡಲಿಲ್ಲ. ಹೋಗಿ ಗಣೇಶನ ಫೋಟೊದ ಮುಂದೆ ಊದುಬತ್ತಿ ಹಚ್ಚಿದರು. ಕೀರ್ತಿ ಅತ್ತ ಹೋದದ್ದಕ್ಕೆ ನನಗೆ ಬೇಸರವಿಲ್ಲ.

"ಟೈಮ್ ತಪ್ಪು ತೋರಿಸ್ತಿದೆ ಅಂಕಲ್" ಎಂದ ಹುಡುಗ. ಗಂಟೆ ಹತ್ತು, ವಿಂಡೋಸ್ ಗಡಿಯಾರ ನಾಲ್ಕೂವರೆ ಅನ್ನುತ್ತಿತ್ತು. ಇದು ನನ್ನ ಮೆಚ್ಚಿನ ವಿಷಯ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಬರೆದಿಡುವುದು ಗ್ರೀನ್‌ವಿಚ್ಚಿನ ಹೊತ್ತು. ವಿಂಡೋಸ್ ಅದನ್ನೇ ಊರಿನ ಹೊತ್ತೆಂದು ಓದುತ್ತದೆ. ಭಾರತದಲ್ಲಿ ಅದಕ್ಕೇ ಕರಾರುವಾಕ್ಕಾಗಿ ಐದೂವರೆ ಗಂಟೆ ಹಿಂದೆ. ಲಿನಕ್ಸಿಗೆ ಊರಿನ ಹೊತ್ತನ್ನೇ ಬರೆದಿಡು ಎಂದು ಹೇಳಿ ಸರಿಮಾಡಿದೆ. ವಿಂಡೋಸನ್ನೂ ಹೊಸ ಕ್ರಮಕ್ಕೆ ಬದಲಿಸುವ ಸಲಕರಣೆ ವಿಂಡೋಸ್ 10ರಲ್ಲೇ ಇದೆ. ಹನ್ನೆರಡು ವರ್ಷದ ಅನ್ನದ ತಟ್ಟೆಯ ಮೇಲೆ, ಬ್ಯಾಕಪ್ ಇಲ್ಲದೆ, ಆ ಪ್ರಯೋಗ ಬೇಡವೆನಿಸಿತು. ಎಫ್12 ಒತ್ತಿದರೆ ವಿಂಡೋಸ್, ಒತ್ತದಿದ್ದರೆ ಉಬುಂಟು ಎಂದು ಹೇಳಿ, ತಣ್ಣಗಾದ ಇಡ್ಲಿ ಕಟ್ಟಿಸಿಕೊಂಡು ಮನೆಗೆ ಹೋಗಿ ಬೈಸಿಕೊಂಡೆ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ, ನಾನು ಪೀಣ್ಯದ ಬಸ್ಸಿನಲ್ಲಿ. ಫೋನು.

"ಸಾರ್, ಮತ್ತೆ ಹೋಯ್ತು. ಈ ಸಲ ಎರಡೂ ಇಲ್ಲ. ಬೂಟ್ ಡಿವೈಸ್ ಹಾಕಿ ಅಂತಿದೆ. ಟೈಮೂ ತಪ್ಪು."

"ಟೈಮ್ ವಿಷಯ ನಿನ್ನೆ ಹೇಳಿದ್ನಲ್ಲ ಅಣ್ಣ, ಐದೂವರೆ ಗಂಟೆ..."

"ಐದೂವರೆ ಗಂಟೆ ಅಲ್ಲ ಸಾರ್. 2012 ಅಂತಿದೆ."

ಬಸ್ಸಿನಲ್ಲೇ ನನಗೆ ನಾಚಿಕೆಯಾಯಿತು. ಮದರ್‌ಬೋರ್ಡಿನ ಮೇಲೆ ಒಂದು ಬಿಲ್ಲೆ ಸೆಲ್ ಇರುತ್ತದೆ, ಸಿಆರ್2032. ಕರೆಂಟಿಲ್ಲದಾಗ ಗಡಿಯಾರವನ್ನೂ ಸೆಟಪ್ಪಿನ ಆಯ್ಕೆಗಳನ್ನೂ ಹಿಡಿದಿಡುವುದು ಅದು. ಆ ಸೆಲ್ ಸತ್ತಿದೆ. ಅಂಗಡಿಯವರು ದಿನಾ ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡಿ ಷಟರ್ ಎಳೆಯುವವರು. ಶನಿವಾರ ರಾತ್ರಿ ಹುಡುಗ ಬೆಳಗಿನತನಕ ಕೂತಿದ್ದರಿಂದ ಮೇನ್ ಆಫ್ ಆಗಿರಲಿಲ್ಲ, ಭಾನುವಾರ ರಾತ್ರಿ ಆಗಿದೆ. ಬೋರ್ಡು ಎಲ್ಲ ಮರೆತು, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಹೋಗಿ, ಹೊಸ ಎಸ್‌ಎಸ್‌ಡಿಯನ್ನು ಹಳೆಯ ಕ್ರಮದಲ್ಲಿ ತೆರೆಯಲು ನೋಡುತ್ತಿದೆ. ಅಲ್ಲಿ ಹಳೆಯ ಕ್ರಮದ್ದು ಏನೂ ಇಲ್ಲ.

"ಅಣ್ಣ, ಮುಂಚೆ ದಿನಾ ಬೆಳಗ್ಗೆ ಆನ್ ಮಾಡಿದಾಗ ಏನಾದ್ರೂ ಬರೆದು ನಿಲ್ತಿತ್ತಾ?"

"ಹೂಂ, ಎಫ್1 ಒತ್ತು ಅಂತ ಬರ್ತಿತ್ತು. ಒತ್ತತಿದ್ದೆ. ಒಂದು ವರ್ಷದಿಂದ ಹಂಗೇ ಅಲ್ವಾ ಶುರು ಆಗೋದು?"

ಒಂದು ವರ್ಷದಿಂದ ದಿನಾ ಬೆಳಗ್ಗೆ ಆ ಯಂತ್ರ ಸೆಲ್ ಬದಲಿಸಿ ಎಂದು ಕೇಳಿಕೊಳ್ಳುತ್ತಲೇ ಇದೆ. ಇವರು ಅದನ್ನು ನಮಸ್ಕಾರ ಎಂದುಕೊಂಡು ಎಫ್1 ಒತ್ತಿ ಪ್ರತಿನಮಸ್ಕಾರ ಮಾಡಿದ್ದಾರೆ. ಡಿಸ್ಕು ಒಂದೇ ಇದ್ದಾಗ ಮರೆವಿನಿಂದ ನಷ್ಟವಿರಲಿಲ್ಲ, ಎರಡಾದ ಮೇಲೆ ಯಾರನ್ನು ಕರೆಯಬೇಕೆಂಬುದೂ ಮರೆತುಹೋಯಿತು. ನಾನಾದರೂ ಭಾನುವಾರ ಭಾಷಣ ಕಡಿಮೆ ಮಾಡಿ ಸೆಟಪ್ಪಿನ ಪರದೆಯನ್ನೊಮ್ಮೆ ನೋಡಬಹುದಿತ್ತು.

ಸಂಜೆ ಬರುವಾಗ ಗಡಿಯಾರ ರಿಪೇರಿ ಅಂಗಡಿಯಿಂದ ಸೆಲ್ ತಂದೆ. ಕ್ಯಾಬಿನೆಟ್ ಬಿಚ್ಚಿದರೆ ಹನ್ನೆರಡು ವರ್ಷದ ತುಮಕೂರು ರಸ್ತೆಯ ಧೂಳು ಹತ್ತಿಯ ಹಾಗೆ ಮೆತ್ತಿತ್ತು. ಹುಡುಗ ಊದಿದ, ಇಬ್ಬರೂ ಸೀನಿದೆವು. ಹಳೇ ಸೆಲ್ ಕಿತ್ತು ಹೊಸದು ಕೂರಿಸಿ, ತಾರೀಖು ಸರಿಮಾಡಿ, ಎರಡೂ ಕ್ರಮಕ್ಕೆ ಅನುಮತಿ ಕೊಟ್ಟು, ಉಬುಂಟುವನ್ನು ಪಟ್ಟಿಯ ಮೇಲೆ ತಂದು ಉಳಿಸಿದೆ. ಮೇನ್ ಆಫ್ ಮಾಡಿಸಿ, ಟೀ ಕುಡಿದು ಬಂದು, ಮತ್ತೆ ಹಚ್ಚಿ ನೋಡಿದೆವು. ತಾರೀಖು ಅಲ್ಲೇ ಇತ್ತು. ಎಫ್1 ಕೇಳಲಿಲ್ಲ. ಅಂಗಡಿಯವರಿಗೆ ಅದೇ ಅನುಮಾನ: "ಎಫ್1 ಬರಲೇ ಇಲ್ವಲ್ಲ ಸಾರ್?"

ಮರುದಿನ ಬೆಳಗ್ಗೆ ಹೋಗುವಾಗ ನೋಡಿದೆ. ಕ್ಯಾಬಿನೆಟ್ ಮೇಲೆ ಲ್ಯಾಮಿನೇಟ್ ಮಾಡಿದ ಚೀಟಿಯೊಂದು ಅಂಟಿತ್ತು. ನುಡಿ ಅಕ್ಷರ, ದಪ್ಪ ಸೈಜು, ಸುತ್ತ ಗೃಹಪ್ರವೇಶದ ಕಾರ್ಡಿನ ಬಳ್ಳಿಯ ಬಾರ್ಡರು:

'ವಿಂಡೋಸ್ ಬೇಕಾದಲ್ಲಿ ಎಫ್12 ಒತ್ತಿ, ಎರಡನೇ ಸಾಲು ಆರಿಸುವುದು. ಬಾರದಿದ್ದಲ್ಲಿ ಯಾರೂ ಏನೂ ಒತ್ತಕೂಡದು.'